ಕಾಣದ ಅಕ್ಷರ ಹಿಡಿಯಲು ಹೋಗಿ ಒಳ್ಳೆ ಮೇಲ್‌ಗಳನ್ನೇ ತಡೆದುಬಿಟ್ಟೆ, ಈಗೇನು ಮಾಡಲಿ?

ಅಂಚೆಯಣ್ಣ:
ಮುನ್ನೂರು ಚಿಲ್ಲರೆ ಜನ ಬಳಸುವ ಒಂದು ಮೇಲ್ ಸರ್ವರ್ ನನ್ನ ತಲೆ ಮೇಲಿದೆ. ಸ್ವಲ್ಪ ದಿನದಿಂದ ಒಂದು ಜಾತಿಯ ಸ್ಪ್ಯಾಮ್ ಫಿಲ್ಟರ್ ದಾಟಿ ಒಳಗೆ ಬರುತ್ತಿದೆ. ತೆರೆದರೆ ಎರಡೇ ಸಾಲು: ನಿಮ್ಮ ಪಾಸ್‌ವರ್ಡ್ ಅವಧಿ ಮುಗಿಯುತ್ತಿದೆ, ಇಲ್ಲಿ ಒತ್ತಿ. ಸೋರ್ಸ್, ಅಂದರೆ ಹಿಂದಿರುವ ಎಚ್‌ಟಿಎಂಎಲ್ ಕೋಡ್, ತೆರೆದು ನೋಡಿದರೆ ಪುಟಗಟ್ಟಲೆ ಮಾತು. ಯಾವುದೋ ಕಥೆಯ ತುಂಡು, ಯಾವುದೋ ಮೀಟಿಂಗ್ ಟಿಪ್ಪಣಿ, ತಲೆಬುಡವಿಲ್ಲದ ಪದಗಳ ರಾಶಿ. ಎಲ್ಲಕ್ಕೂ ಫಾಂಟ್-ಸೈಜ್ ಸೊನ್ನೆ. ಓದುವವರ ಕಣ್ಣಿಗೆ ಒಂದಕ್ಷರವೂ ಬೀಳುವುದಿಲ್ಲ.

ಸಿಟ್ಟು ಬಂತು. ಶುಕ್ರವಾರ ಸಂಜೆ ಕೂತು ಒಂದು ರೂಲ್ ಬರೆದೆ. (ಶುಕ್ರವಾರ ಸಂಜೆ ರೂಲ್ ಬರೆಯಬಾರದು ಅಂತ ನನಗೂ ಗೊತ್ತು, ದಯವಿಟ್ಟು ಹೇಳಬೇಡಿ.) ಎಚ್‌ಟಿಎಂಎಲ್ ಒಳಗೆ "ಫಾಂಟ್-ಸೈಜ್:0" ಅಥವಾ "ಡಿಸ್‌ಪ್ಲೇ:ನನ್" ಕಂಡರೆ 4 ಅಂಕ. ಒಂದು ಮೇಲ್‌ಗೆ ಎಲ್ಲ ರೂಲ್ ಕೊಟ್ಟ ಅಂಕ ಕೂಡಿ 5 ದಾಟಿದರೆ ನಮ್ಮಲ್ಲಿ ಸ್ಪ್ಯಾಮ್.

ಸೋಮವಾರ ಬಂದು ನೋಡಿದರೆ ಸ್ಪ್ಯಾಮ್ ಪೆಟ್ಟಿಗೆ ತುಂಬಿ ತುಳುಕುತ್ತಿದೆ. ವಿಮಾನದ ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ವರ್ಡ್ ಬದಲಿಸುವ ನಿಜವಾದ ಕೊಂಡಿ, ಒಬ್ಬರ ಕೆಲಸದ ಸಂದರ್ಶನದ ಕರೆ. ಕೊನೆಯದಕ್ಕೆ ಚೆನ್ನಾಗಿ ಬೈಸಿಕೊಂಡೆ. ಬೈದದ್ದು ಸರಿಯೇ. ರೂಲ್ ತೆಗೆದೆ. ಆದರೆ ಇಷ್ಟೊಂದು ಒಳ್ಳೆ ಮೇಲ್‌ಗಳಲ್ಲಿ ಅಡಗಿಸಿಟ್ಟ ಅಕ್ಷರ ಯಾಕಿರುತ್ತದೆ? ಅದು ಮೊದಲು ಅರ್ಥವಾಗಬೇಕಿದೆ.

ಟೇಬಲೊಳಗೊಂದುಟೇಬಲ್:
ತಪ್ಪಿತಸ್ಥೆ ನಾನೇ. ಅಂದರೆ ನನ್ನಂಥವರು. ಮೇಲ್ ಟೆಂಪ್ಲೇಟ್ ಮಾಡುವುದೇ ನನ್ನ ಕೆಲಸ, ಅಡಗಿಸಿಟ್ಟ ಪಠ್ಯ ಇಲ್ಲದ ಟೆಂಪ್ಲೇಟ್ ಮಾಡಿದ್ದೇ ನೆನಪಿಲ್ಲ.

ಇನ್‌ಬಾಕ್ಸ್ ಪಟ್ಟಿಯಲ್ಲಿ ವಿಷಯದ ಪಕ್ಕ ಮಸುಕಾಗಿ ಒಂದು ಸಾಲು ಕಾಣುತ್ತದಲ್ವಾ? ಮೇಲ್ ಆ್ಯಪ್ ಅದನ್ನು ಮೇಲ್‌ನ ಮೊದಲ ಪಠ್ಯದಿಂದ ಎತ್ತಿಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ಅಲ್ಲಿ "ಬ್ರೌಸರ್‌ನಲ್ಲಿ ನೋಡಿ" ಅಂತ ಬಂದು ಕೂರುತ್ತದೆ. ಅದಕ್ಕೇ ಮೇಲ್ತುದಿಯಲ್ಲಿ ಒಂದು ಸಾಲು ಬರೆದು ಅಡಗಿಸುತ್ತೇವೆ. ಇದಕ್ಕೆ ಪ್ರೀಹೆಡರ್ ಅಂತ ಹೆಸರು. ಒಂದು ವಿಧಾನ ಎಲ್ಲ ಆ್ಯಪ್‌ಗಳಲ್ಲೂ ಕೆಲಸ ಮಾಡುವುದಿಲ್ಲ. ಹಾಗಾಗಿ ಡಿಸ್‌ಪ್ಲೇ ನನ್, ಎತ್ತರ ಸೊನ್ನೆ, ಫಾಂಟ್ 1 ಪಿಕ್ಸೆಲ್, ಬಿಳಿ ಬಣ್ಣ, ಔಟ್‌ಲುಕ್‌ಗೆಂದೇ ಇರುವ ಎಂಎಸ್‌ಒ-ಹೈಡ್, ಎಲ್ಲವನ್ನೂ ಒಂದೇ ಕಡೆ ಸುರಿಯುತ್ತೇವೆ. ಸ್ಪ್ಯಾಮ್ ಹಿಡಿಯುವವರ ಕಣ್ಣಿಗೆ ಕಳ್ಳತನದ ಪಠ್ಯಪುಸ್ತಕ ತೆರೆದಿಟ್ಟ ಹಾಗೆ ಕಾಣಬಹುದು.

ಇಷ್ಟಕ್ಕೇ ನಿಲ್ಲುವುದಿಲ್ಲ. ಪ್ರೀಹೆಡರ್ ಚಿಕ್ಕದಾದರೆ ಅದರ ಹಿಂದೆ ಮೇಲ್‌ನ ಉಳಿದ ಮಾತು ಅಂಟಿಕೊಂಡು ಬರುತ್ತದೆ. ಅದನ್ನು ತಳ್ಳಲು ಕಾಣದ ಅಕ್ಷರ ತುಂಬುತ್ತೇವೆ. ಯೂನಿಕೋಡ್‌ನ 847ನೇ ಅಕ್ಷರ, ಶೂನ್ಯ ಅಗಲದ ಅಕ್ಷರ, ನಡುವೆ ಖಾಲಿ ಜಾಗ. ಇದೇ ಮೂರು ಮತ್ತೆ ಮತ್ತೆ, ಎಷ್ಟೋ ಸಲ ನೂರರ ಹತ್ತಿರ.

ಮೊಬೈಲ್‌ಗೆ ಒಂದು ಪ್ರತಿ, ದೊಡ್ಡ ಪರದೆಗೆ ಒಂದು ಪ್ರತಿ ಇಟ್ಟು ಒಂದನ್ನು ಅಡಗಿಸುವುದೂ ಉಂಟು. ಸ್ಕ್ರೀನ್ ರೀಡರ್ ಬಳಸುವವರಿಗೆಂದೇ ಬರೆದ ಪಠ್ಯವನ್ನು ಪರದೆಯ ಆಚೆಗೆ ತಳ್ಳಿ ಇಡುವುದೂ ಉಂಟು. ಕಣ್ಣು ಕಾಣದವರಿಗೆ ಅದು ಬೇಕೇ ಬೇಕು. ನಿಮ್ಮ ರೂಲ್ ಇವೆಲ್ಲಕ್ಕೂ ಒಂದೇ ಕೋಲು ಬೀಸಿದೆ.

ರಾತ್ರಿಪಾಳಿ:
ಸ್ಪ್ಯಾಮ್‌ಅಸಾಸಿನ್ ಅನ್ನುವ ಫಿಲ್ಟರ್ ಬಳಸಿದವರಿಗೆ ಇದರ ವಾಸನೆ ಮೊದಲೇ ಗೊತ್ತಿರುತ್ತದೆ. ಅಕ್ಷರದ ಬಣ್ಣ ಹಿನ್ನೆಲೆಗೆ ಹತ್ತಿರ ಇದ್ದರೆ ಹೊಡೆಯುವ ಒಂದು ರೂಲ್ ಅದರಲ್ಲಿದೆ. ವರದಿಯಲ್ಲಿ ಆ ರೂಲ್ ಎದುರು ಸಾಮಾನ್ಯವಾಗಿ 0.0 ಅಂತ ಇರುತ್ತದೆ. ರೂಲ್ ಹೊಡೆದಿದೆ, ಆದರೆ ಅಂಕ ಇಲ್ಲ ಅನ್ನಿ. ಆ ಅಂಕಗಳನ್ನು ಕೂಡಿಟ್ಟ ಒಳ್ಳೆ ಮೇಲ್, ಕೆಟ್ಟ ಮೇಲ್ ರಾಶಿಗಳ ಮೇಲೆ ಓಡಿಸಿ ನಿಗದಿ ಮಾಡುತ್ತಾರೆ. ಬಿಳಿ ಮೇಲೆ ಬಿಳಿ ಎರಡೂ ಕಡೆ ಸಿಗುತ್ತದೆ ಅಂತಲೇ ಅದರ ಅರ್ಥ.

ಆರ್‌ಸ್ಪ್ಯಾಮ್‌ಡಿ ಅನ್ನುವ ಇನ್ನೊಂದು ಫಿಲ್ಟರ್‌ನಲ್ಲೂ ಬಿಳಿ ಮೇಲೆ ಬಿಳಿ, ಸೊನ್ನೆ ಫಾಂಟ್, ಅಡಗಿದ ಭಾಗ ಜಾಸ್ತಿ ಅನ್ನುವ ಬೇರೆ ಬೇರೆ ಚಿಹ್ನೆಗಳಿವೆ. ಯಾವುದೂ ಒಂಟಿಯಾಗಿ ಮೇಲ್ ತಡೆಯುವಷ್ಟು ತೂಗುವುದಿಲ್ಲ. ಅದರ ಡೀಫಾಲ್ಟ್ ನೋಡಿ: 4ಕ್ಕೆ ಸ್ವಲ್ಪ ಕಾಯಿಸು, 6ಕ್ಕೆ ಗುರುತು ಹಾಕು, 15ಕ್ಕೆ ತಿರಸ್ಕರಿಸು. ನೀವು 5ರಲ್ಲಿ 4 ಅಂಕವನ್ನು ಒಂದೇ ರೂಲ್‌ಗೆ ಕೊಟ್ಟಿರಿ.

ಲೆಕ್ಕವನ್ನೂ ನೋಡಿ. ದಿನಕ್ಕೆ 10,000 ಒಳ್ಳೆ ಮೇಲ್ ಬರುವ ಕಡೆ ಬರೀ 1% ತಪ್ಪಿದರೂ 100 ಮೇಲ್ ಕಳೆದುಹೋದ ಹಾಗೆ. ಸ್ಪ್ಯಾಮ್ ಒಂದು ಒಳಗೆ ಬಂದರೆ ಜನ ಅಳಿಸುತ್ತಾರೆ. ಒಳ್ಳೆಯದು ಒಂದು ಹೋದರೆ ಅದು ಹೋಯಿತು ಅಂತಲೂ ಅವರಿಗೆ ಗೊತ್ತಾಗುವುದಿಲ್ಲ.

ಕುತೂಹಲಿ:
ದಡ್ಡ ಪ್ರಶ್ನೆ. ಯಾರೂ ಓದದ ಪಠ್ಯ ತುಂಬಿಸಿ ಸ್ಪ್ಯಾಮ್ ಕಳಿಸುವವರಿಗೆ ಏನು ಲಾಭ?

ಬೇಯ್ಸ್‌ಭಕ್ತ:
ಮನುಷ್ಯ ಓದುವುದಿಲ್ಲ, ಫಿಲ್ಟರ್ ಓದುತ್ತದೆ. ಅದೇ ಲಾಭ.

2002ರಲ್ಲಿ ಪಾಲ್ ಗ್ರಹಾಂ ಬರೆದ ಒಂದು ಲೇಖನದ ನಂತರ ಬೇಯ್ಸ್ ಲೆಕ್ಕದ ಫಿಲ್ಟರ್‌ಗಳು ಎಲ್ಲ ಕಡೆ ಹಬ್ಬಿದವು. ಒಂದೊಂದು ಪದವೂ ಸ್ಪ್ಯಾಮ್‌ನಲ್ಲಿ ಎಷ್ಟು ಸಲ, ಒಳ್ಳೆ ಮೇಲ್‌ನಲ್ಲಿ ಎಷ್ಟು ಸಲ ಬಂದಿದೆ ಅಂತ ಎಣಿಸಿ ಒಟ್ಟು ಸಾಧ್ಯತೆ ಹೇಳುತ್ತವೆ. ಆಗ ಸ್ಪ್ಯಾಮ್ ಕಳಿಸುವವರು ಸೀದಾ ಯೋಚನೆ ಮಾಡಿದರು. ಕೆಟ್ಟ ಪದ ಹತ್ತಿದ್ದರೆ ಒಳ್ಳೆ ಪದ ನೂರು ಸೇರಿಸಿದರಾಯಿತು. ಓದುವವರಿಗೆ ಅನುಮಾನ ಬರಬಾರದು, ಅದಕ್ಕೆ ಅಡಗಿಸು. ಹಾಲಿಗೆ ನೀರು ಬೆರೆಸಿದಂತೆ.

ಎರಡನೇ ಉಪಯೋಗ ಪದ ಒಡೆಯುವುದು. "ಪಾಸ್" ಮತ್ತು "ವರ್ಡ್" ನಡುವೆ ಕಾಣದ "ಮಳೆ" ಅಂತ ತುರುಕಿದರೆ ಕಣ್ಣಿಗೆ "ಪಾಸ್‌ವರ್ಡ್", ಫಿಲ್ಟರ್‌ಗೆ "ಪಾಸ್‌ಮಳೆವರ್ಡ್". 2018ರಲ್ಲಿ ಝೀರೋಫಾಂಟ್ ಅಂತ ಸುದ್ದಿಯಾಗಿದ್ದು ಇದೇ ಉಪಾಯ. ಮೂರನೆಯದು, ಪ್ರತಿ ಮೇಲ್‌ನಲ್ಲೂ ಬೇರೆ ಬೇರೆ ಕಸ ತುಂಬಿದರೆ ಒಂದೇ ಮೇಲ್‌ನ ಸಾವಿರ ಪ್ರತಿಗಳೂ ಬೇರೆ ಬೇರೆ ಮೇಲ್‌ನಂತೆ ಕಾಣುತ್ತವೆ. ಇದೇ ಕುಟುಂಬದ ಆಟಗಳಿಗೆ ಈಗ ಹಿಡನ್ ಟೆಕ್ಸ್ಟ್ ಸಾಲ್ಟಿಂಗ್ (ಕಾಣದ ಪಠ್ಯದ ಉಪ್ಪು ಎರಚುವುದು) ಅಂತ ಹೊಸ ಹೆಸರು ಓಡಾಡುತ್ತಿದೆ.

ಅಂಚೆಯಣ್ಣ:
ಹಾಗಾದರೆ ಸುಲಭ ಅಲ್ವಾ? ಕಾಣದ ಪಠ್ಯವನ್ನೆಲ್ಲ ಕಿತ್ತು ಬಿಸಾಕಿ, ಕಾಣುವುದನ್ನು ಮಾತ್ರ ಫಿಲ್ಟರ್‌ಗೆ ಕೊಟ್ಟರಾಯಿತು. ಕಣ್ಣು ಓದುವುದನ್ನೇ ಯಂತ್ರವೂ ಓದಲಿ.

ರಾತ್ರಿಪಾಳಿ:
ನನ್ನ ಮತವೂ ಅದೇ. ಯಾರಿಗೂ ಶಿಕ್ಷೆ ಇಲ್ಲ. ಪ್ರೀಹೆಡರ್ ಇದ್ದರೂ ಸರಿ, ಕಥೆ ಇದ್ದರೂ ಸರಿ, ಎರಡೂ ಲೆಕ್ಕಕ್ಕಿಲ್ಲ. ಉಳಿಯುವುದು "ಪಾಸ್‌ವರ್ಡ್ ಮುಗಿಯುತ್ತಿದೆ, ಇಲ್ಲಿ ಒತ್ತಿ". ಅದಕ್ಕೆ ಫಿಲ್ಟರ್ ತಾನಾಗಿಯೇ ಹೊಡೆಯುತ್ತದೆ.

ಬೇಯ್ಸ್‌ಭಕ್ತ:
ಅರ್ಧ ಒಪ್ಪುತ್ತೇನೆ. ಬಿಸಾಕಬೇಡಿ, ಬೇರೆ ಬುಟ್ಟಿಗೆ ಹಾಕಿ. ಸ್ಪ್ಯಾಮ್‌ಅಸಾಸಿನ್ ಮಾಡುವುದೂ ಅದನ್ನೇ. ಕಾಣುವ ಪದಗಳು ಒಂದು ಕಡೆ, ಕಾಣದ ಪದಗಳಿಗೆ ಮುಂದೆ ಒಂದು ಗುರುತು ಹಾಕಿ ಇನ್ನೊಂದು ಕಡೆ. ಹಾಗಾಗಿ ಕಾಣುವ "ಸಭೆ" ಮತ್ತು ಅಡಗಿದ "ಸಭೆ" ಅದಕ್ಕೆ ಎರಡು ಬೇರೆ ಪದಗಳು. ಅಡಗಿದ "ಸಭೆ" ಸ್ಪ್ಯಾಮ್‌ನಲ್ಲೇ ಜಾಸ್ತಿ ಸಿಗುತ್ತಿದ್ದರೆ ಅದೇ ಅವರಿಗೆ ತಿರುಗಿ ಬಡಿಯುತ್ತದೆ. ಸ್ಪ್ಯಾಮರ್ ತಂದ ನೀರಿನಲ್ಲೇ ಸ್ಪ್ಯಾಮರ್ ಮುಳುಗುತ್ತಾನೆ.

ಸುಮ್ನೆ ಬಿಸಾಕಿದರೆ ಆ ಸಾಕ್ಷಿ ಹೋಯಿತು.

ರಾತ್ರಿಪಾಳಿ:
ಸಿದ್ಧಾಂತಕ್ಕೆ ಚೆನ್ನ. ಮುನ್ನೂರು ಜನರ ಸರ್ವರ್‌ನಲ್ಲಿ ಆ ಇನ್ನೊಂದು ಬುಟ್ಟಿಗೆ ಕಲಿಯುವಷ್ಟು ಮೇಲ್ ಎಲ್ಲಿಂದ ಬರಬೇಕು? ಹೆಚ್ಚು ಜನ ಸ್ಪ್ಯಾಮ್ ಗುಂಡಿಯನ್ನೂ ಒತ್ತುವುದಿಲ್ಲ.

ಅರ್ಕಾವೊತ್ತು:
ನಿಮ್ಮ ಜಗಳದ ನಡುವೆ ಒಂದು ಮಾತು. ಶೂನ್ಯ ಅಗಲದ ಅಕ್ಷರ ಕಂಡರೆ ಅಂಕ ಹಾಕೋಣ ಅಂತ ಮಾತ್ರ ಯೋಚಿಸಬೇಡಿ. ಎಷ್ಟೋ ರೂಲ್ ಪಟ್ಟಿಗಳಲ್ಲಿ ಯು+200ಬಿ, ಯು+200ಸಿ, ಯು+200ಡಿ (ಶೂನ್ಯ ಅಗಲದ ಮೂರು ಅಕ್ಷರಗಳ ಯೂನಿಕೋಡ್ ಸಂಖ್ಯೆಗಳು) ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೊಡೆಯುತ್ತಾರೆ. ಬರೆದವರು ರೋಮನ್ ಲಿಪಿ ಬಿಟ್ಟು ಬೇರೆ ನೋಡಿಲ್ಲ ಅಂತ ಆಗಲೇ ಗೊತ್ತಾಗುತ್ತದೆ.

ಈ ಎಳೆಯಲ್ಲೇ "ಪಾಸ್‌ವರ್ಡ್", "ಫಿಲ್ಟರ್‌ಗಳು", "ಔಟ್‌ಲುಕ್" ಅಂತೆಲ್ಲ ಬರೆದಿದ್ದೀರಿ. "ಸ್" ಆದಮೇಲೆ ಒಂದು ಯು+200ಸಿ ಕೂತಿದೆ. ಅದು ಇಲ್ಲದಿದ್ದರೆ "ವ" ಕೆಳಗಿಳಿದು ಒತ್ತಕ್ಷರ ಆಗುತ್ತಿತ್ತು. "ರ್‍ಯಾಂಕ್" ಅಂತ ಬರೆಯಬೇಕಾದರೆ ಯು+200ಡಿ ಬೇಕು, ಇಲ್ಲವಾದರೆ ಅರ್ಕಾವೊತ್ತು ಬಂದು "ರ್ಯಾಂಕ್" ಆಗುತ್ತದೆ. (ಅರ್ಕಾವೊತ್ತಿನ ಪರವಾಗಿ ಕ್ಷಮೆ ಕೇಳುತ್ತೇನೆ.) ಪರ್ಷಿಯನ್‌ನಲ್ಲೂ ಯು+200ಸಿ ದಿನನಿತ್ಯದ ಬರಹದ ಭಾಗ. ಎಮೋಜಿಯಲ್ಲಿ ಅಪ್ಪ, ಅಮ್ಮ, ಮಗು ಮೂರನ್ನು ಅಂಟಿಸಿ ಒಂದು ಕುಟುಂಬ ಮಾಡುವುದೂ ಯು+200ಡಿಯೇ.

ಹಾಗಾಗಿ ಆ ಅಕ್ಷರ ಇದೆಯೇ ಅಂತ ನೋಡಬೇಡಿ. ಅದರ ಅಕ್ಕಪಕ್ಕ ಯಾರಿದ್ದಾರೆ ನೋಡಿ. ಕನ್ನಡದಲ್ಲಿ ಅದು ಹಲಂತದ ಪಕ್ಕದಲ್ಲೇ ಇರುತ್ತದೆ. ಎರಡೂ ಕಡೆ ರೋಮನ್ ಅಕ್ಷರ ಇದ್ದು, ಒಂದೇ ಪದದಲ್ಲಿ ಎರಡು ಮೂರು ಸಲ ಬಂದರೆ ಅದು ಕಿತಾಪತಿ. ಟೇಬಲಕ್ಕ ಹೇಳಿದ ಪ್ರೀಹೆಡರ್ ತುಂಬುವಿಕೆಯಲ್ಲಿ ಅಕ್ಕಪಕ್ಕ ಖಾಲಿ ಜಾಗ ಇರುತ್ತದೆ, ಅಕ್ಷರ ಇರುವುದಿಲ್ಲ. ಈ ಒಂದು ಪ್ರಶ್ನೆಯಿಂದಲೇ ಮೂರೂ ಬೇರೆ ಬೇರೆ ಆಗುತ್ತವೆ.

ಅಂಚೆಯಣ್ಣ:
ನನ್ನ ಪಟ್ಟಿಯಲ್ಲಿ ಆ ಮೂರೂ ಒಂದೇ ಸಾಲಿನಲ್ಲಿ ಇದ್ದವು. ಮುಂದಿನ ಶುಕ್ರವಾರಕ್ಕೆ ಅಂತ ಇಟ್ಟುಕೊಂಡಿದ್ದೆ. ಅಳಿಸಿದೆ.

ಸಣ್ಣಕೋಡ್:
ಇದರ ಮೇಲೆ ಸುಮಾರು ದಿನ ತಲೆ ಕೆಡಿಸಿಕೊಂಡಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಪಠ್ಯ ಅಡಗಿದೆಯೇ ಅನ್ನುವುದೇ ತಪ್ಪು ಪ್ರಶ್ನೆ. ಅಡಗಿದ್ದಕ್ಕೂ ಕಾಣುವುದಕ್ಕೂ ನಡುವೆ ಏನು ಸಂಬಂಧ ಅಂತ ಕೇಳಿ. ಸಂಬಂಧವನ್ನು ಅಳೆಯಲು ನಾನು ಮೂರು ನಾಲ್ಕು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಹೀಗಿದೆ. ಮೇಲ್‌ನ ಪಠ್ಯವನ್ನು ಎರಡು ಸಲ ತೆಗೆಯಿರಿ. ಒಮ್ಮೆ ಟ್ಯಾಗ್ ಮಾತ್ರ ಕಿತ್ತು, ಅಡಗಿದ್ದೂ ಸೇರಿದ ಹಾಗೆ. ಇನ್ನೊಮ್ಮೆ ಅಡಗಿದ್ದನ್ನು ಬಿಟ್ಟು. ಎರಡನೆಯದರಲ್ಲಿ ಇದ್ದು ಮೊದಲನೆಯದರಲ್ಲಿ ಇಲ್ಲದ ಪದ ಯಾವುದಾದರೂ ಇದೆಯೇ? ಪ್ರಾಮಾಣಿಕ ಮೇಲ್‌ನಲ್ಲಿ ಇರಲು ಸಾಧ್ಯವೇ ಇಲ್ಲ ಅನ್ನುವಷ್ಟು ಕಡಿಮೆ. ಅಡಗಿದ್ದನ್ನು ತೆಗೆದರೆ ಪದಗಳು ಕಡಿಮೆಯಾಗಬೇಕು, ಹೊಸದು ಹುಟ್ಟಬಾರದು. "ಪಾಸ್‌ವರ್ಡ್" ಅನ್ನುವ ಪದ ಹೀಗೆ ತೆಗೆದಮೇಲೆ ಹುಟ್ಟಿದರೆ, ಯಾರೋ ಅದನ್ನು ಬೇಕಂತಲೇ ಒಡೆದಿದ್ದಾರೆ. ಪ್ರೀಹೆಡರ್, ಮೊಬೈಲ್ ಪ್ರತಿ, ಸ್ಕ್ರೀನ್ ರೀಡರ್ ಸಾಲು, ಯಾವುದೂ ಪದ ಒಡೆಯುವುದಿಲ್ಲ. ನನ್ನ ಕಡೆ ಹೆಚ್ಚು ಅಂಕ ಇರುವುದು ಇದಕ್ಕೇ.

ಎರಡನೆಯದು, ಕಾಣುವುದರಿಂದ ಕಾಣದ್ದಕ್ಕೆ, ಮತ್ತೆ ಕಾಣುವುದಕ್ಕೆ ಎಷ್ಟು ಸಲ ದಾಟುತ್ತದೆ ಅಂತ ಎಣಿಸುವುದು. ಪ್ರೀಹೆಡರ್ ಮೇಲೆ ಒಂದೇ ಕಡೆ ಗಟ್ಟಿಯಾಗಿ ಕೂತಿರುತ್ತದೆ. ಅಲ್ಲಿಗೆ ಒಂದೆರಡು ದಾಟು. ಉಪ್ಪು ಎರಚಿದ ಮೇಲ್‌ನಲ್ಲಿ ಒಂದೇ ವಾಕ್ಯದೊಳಗೆ ಹತ್ತಾರು ದಾಟು. ಅಡಗಿದ್ದು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲೆಲ್ಲಿ ಚದುರಿದೆ ಅನ್ನುವುದು ಜಾಸ್ತಿ ಹೇಳುತ್ತದೆ.

ಒಂದೇ ದೊಡ್ಡ ಗಂಟಾಗಿ ಕಥೆ ತುಂಬಿಸಿದರೆ ಈ ಎರಡೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಹೋಲಿಕೆ ನೋಡುತ್ತೇನೆ. ಅಡಗಿದ ಪ್ರತಿ ಮೊಬೈಲ್‌ಗೆ ಅಂತಾದರೆ ಅದರ ಪದಗಳಲ್ಲಿ ಹೆಚ್ಚಿನವು ಕಾಣುವ ಭಾಗದಲ್ಲೂ ಇರುತ್ತವೆ. ಕಾಣುವುದು ಇಪ್ಪತ್ತು ಪದ, ಅಡಗಿದ್ದು ಎರಡು ಸಾವಿರ ಪದ, ಎರಡಕ್ಕೂ ಸಂಬಂಧವೇ ಇಲ್ಲ ಅಂದರೆ ಅದು ಮೊಬೈಲ್ ಪ್ರತಿ ಅಲ್ಲ.

ಎಚ್‌ಟಿಎಂಎಲ್ ಭಾಗಕ್ಕೂ ಬರೀ ಪಠ್ಯದ ಭಾಗಕ್ಕೂ ವ್ಯತ್ಯಾಸ ನೋಡಿ ಅಂತ ಕೆಲವರು ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. "ಈ ಮೇಲ್ ನೋಡಲು ಎಚ್‌ಟಿಎಂಎಲ್ ಬೇಕು" ಅಂತ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವ ಒಳ್ಳೆ ಕಂಪನಿಗಳು ಬೇಕಾದಷ್ಟಿವೆ.

ಟೇಬಲೊಳಗೊಂದುಟೇಬಲ್:
ಪದ ಒಡೆಯುವ ಪರೀಕ್ಷೆ ತುಂಬ ಚೆನ್ನಾಗಿದೆ. ನಮ್ಮ ಯಾವ ಟೆಂಪ್ಲೇಟೂ ಅದಕ್ಕೆ ಸಿಗುವುದಿಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ.

ಆದರೆ ಅಡಗಿದೆ ಅಂತ ತೀರ್ಮಾನಿಸುವುದೇ ಎಷ್ಟು ಕಷ್ಟ ಅಂತ ಯಾರೂ ಹೇಳಲಿಲ್ಲ. ದೊಡ್ಡ ಕಪ್ಪು ಫೋಟೊ, ಅದರ ಮೇಲೆ ಬಿಳಿ ಅಕ್ಷರ. ಫೋಟೊ ದೂರದ ಸರ್ವರ್‌ನಲ್ಲಿದೆ, ನಿಮ್ಮ ಫಿಲ್ಟರ್ ಅದನ್ನು ನೋಡುವುದಿಲ್ಲ. ಹಿನ್ನೆಲೆ ಬಣ್ಣ ಹೇಳಿಲ್ಲ, ಅಂದಮೇಲೆ ಬಿಳಿ ಅಂತ ಊಹಿಸುತ್ತದೆ. ಬಿಳಿ ಮೇಲೆ ಬಿಳಿ, ಕಳ್ಳ! ನಮ್ಮ ಮೇಲ್‌ಗಳು ಇದಕ್ಕೇ ಎಷ್ಟೋ ಸಲ ಸಿಕ್ಕಿಬಿದ್ದಿವೆ. ಈಗ ನಾನು ಫೋಟೊ ಹಿಂದೆ ಒಂದು ಗಾಢ ಬಣ್ಣ ಹಾಕಿಯೇ ಇಡುತ್ತೇನೆ. ಫೋಟೊ ಬರದಿದ್ದರೂ ಅಕ್ಷರ ಓದಲು ಬರುತ್ತದೆ. ಎಲ್ಲರೂ ಹಾಕುವುದಿಲ್ಲ.

ಸಣ್ಣಕೋಡ್:
ಸರಿ. ಅದಕ್ಕೇ ನನ್ನ ಕೋಡ್‌ನಲ್ಲಿ ಮೂರು ಉತ್ತರ: ಕಾಣುತ್ತದೆ, ಕಾಣುವುದಿಲ್ಲ, ಗೊತ್ತಿಲ್ಲ. ಹಿನ್ನೆಲೆಯಲ್ಲಿ ಚಿತ್ರ ಇದ್ದರೆ "ಗೊತ್ತಿಲ್ಲ". ಗೊತ್ತಿಲ್ಲದ್ದಕ್ಕೆ ಅಂಕ ಇಲ್ಲ.

ಬಣ್ಣಕ್ಕೆ ವೆಬ್ ಸುಲಭಬಳಕೆಯವರ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರ) ಲೆಕ್ಕವನ್ನೇ ಎರವಲು ತಂದಿದ್ದೇನೆ. ಒಂದೇ ಬಣ್ಣ ಆದರೆ 1, ಕಪ್ಪು-ಬಿಳುಪಿಗೆ 21. ಓದಲು ಕನಿಷ್ಠ 4.5 ಇರಲಿ ಅಂತ ಅವರ ಸಲಹೆ. ಆ 4.5 ಅನ್ನು ಇಲ್ಲಿ ಗಡಿ ಮಾಡಬೇಡಿ! ಮೇಲ್‌ನ ತಳದಲ್ಲಿ ಇರುವ ಬೂದು ಬಣ್ಣದ "ಚಂದಾ ನಿಲ್ಲಿಸಿ" ಸಾಲುಗಳು ಎಷ್ಟೋ 3ಕ್ಕಿಂತ ಕೆಳಗಿವೆ. ಅದು ಕೆಟ್ಟ ವಿನ್ಯಾಸ, ಸ್ಪ್ಯಾಮ್ ಅಲ್ಲ. 255,255,255 (ಪೂರ್ತಿ ಬಿಳಿ) ಮೇಲೆ 254,254,254 ಬರೆದು ಬೇರೆ ಬಣ್ಣ ಅಂತ ವಾದಿಸುವವರು 1.01ರ ಆಸುಪಾಸಿನಲ್ಲಿ ಇರುತ್ತಾರೆ. ನಾನು 1.2ಕ್ಕಿಂತ ಕೆಳಗಿದ್ದರೆ ಮಾತ್ರ ಕಾಣುವುದಿಲ್ಲ ಅನ್ನುತ್ತೇನೆ.

ಗಮ್‌ಟೇಪ್:
ಇಷ್ಟೆಲ್ಲ ಯಾಕೆ, ಮೇಲನ್ನು ಬ್ರೌಸರ್‌ನಲ್ಲೇ ತೆರೆದು ಚಿತ್ರ ತೆಗೆದು ಅದರಲ್ಲಿರುವ ಅಕ್ಷರ ಓದಿಸಿ. ಮನುಷ್ಯ ನೋಡುವುದೇ ಸಿಗುತ್ತದೆ.

ರಾತ್ರಿಪಾಳಿ:
ಪ್ರತಿ ಮೇಲ್‌ಗೂ ಬ್ರೌಸರ್ ತೆರೆದರೆ ಸರ್ವರ್ ಮಲಗುತ್ತದೆ. ಅದು ದೂರದ ಚಿತ್ರ ತರಿಸಿಕೊಂಡರಂತೂ ಕಳಿಸಿದವರಿಗೆ ಈ ವಿಳಾಸ ಜೀವಂತ ಇದೆ ಅಂತ ನೀವೇ ಪತ್ರ ಬರೆದ ಹಾಗೆ. ಮಾಡಲೇಬೇಕು ಅಂದರೆ ನೆಟ್ ಕಿತ್ತು, ಅನುಮಾನದ ಅಂಚಿನಲ್ಲಿರುವ ಮೇಲ್‌ಗಳಿಗೆ ಮಾತ್ರ ಮಾಡಿ. ಇನ್ನೊಂದು, "ಮನುಷ್ಯ ನೋಡುವುದು" ಅಂತ ಒಂದೇ ಇಲ್ಲ. ಔಟ್‌ಲುಕ್‌ಗೆ ಮಾತ್ರ ಕಾಣುವ ಭಾಗ ಉಳಿದ ಆ್ಯಪ್‌ಗಳಿಗೆ ಬರೀ ಕಾಮೆಂಟ್, ಅಂದರೆ ತೋರಿಸದೆ ಬಿಡುವ ಟಿಪ್ಪಣಿ.

ಕುತೂಹಲಿ:
ಡಿಕಿಮ್ ಸಹಿ (ಕಳಿಸಿದ ಡೊಮೇನ್ ಮೇಲ್‌ಗೆ ಹಾಕುವ ಡಿಜಿಟಲ್ ಗುರುತು) ಇದ್ದರೆ ಒಳ್ಳೆ ಮೇಲ್ ಅಂತ ಬಿಟ್ಟುಬಿಡಬಹುದಾ?

ರಾತ್ರಿಪಾಳಿ:
ಇಲ್ಲ. ಸಹಿ ಹೇಳುವುದು ಯಾರು ಕಳಿಸಿದ್ದಾರೆ ಅಂತ, ಅವರು ಒಳ್ಳೆಯವರು ಅಂತಲ್ಲ. ಹೊಸ ಡೊಮೇನ್ ಕೊಂಡು ಸಹಿ ಹಾಕಲು ಸ್ಪ್ಯಾಮರ್‌ಗೆ ಹತ್ತು ನಿಮಿಷ ಸಾಕು. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಜಾಸ್ತಿ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಗುರುತಿನ ವ್ಯವಸ್ಥೆ ಮೂರೂ ಕಡ್ಡಾಯವಾಗಿವೆ. ಆದ್ದರಿಂದ ಈಗ ಕಳ್ಳರೂ ಸಹಿ ಹಾಕುತ್ತಾರೆ. ಆದರೆ ಸಹಿಯ ಜೊತೆ ಹಳೇ ಪರಿಚಯ ಇದ್ದರೆ ಬೆಲೆ ಇದೆ. ವರ್ಷದಿಂದ ಅದೇ ಡೊಮೇನ್, ಅದೇ ಅಚ್ಚಿನ ಮೇಲ್ ಕಳಿಸುತ್ತಿದ್ದರೆ ಅಡಗಿದ ಸಾಲಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಬೇಯ್ಸ್‌ಭಕ್ತ:
ಒಂದೇ ಸ್ಪ್ಯಾಮ್ ನಿಮ್ಮಲ್ಲಿ ಮೂವತ್ತು ಜನರಿಗೆ ಬಂದಿದೆ ಅನ್ನೋಣ. ಕಾಣುವ ಪಠ್ಯಕ್ಕೆ ಒಂದು ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ), ಅಡಗಿದ್ದಕ್ಕೆ ಇನ್ನೊಂದು. ಮೂವತ್ತರಲ್ಲೂ ಕಾಣುವುದು ಒಂದೇ, ಅಡಗಿದ್ದು ಮೂವತ್ತು ಬಗೆ ಅಂದರೆ ಅವರ ಉಪಾಯವೇ ಅವರನ್ನು ಹಿಡಿದುಕೊಟ್ಟ ಹಾಗೆ. ನಿಜವಾದ ಸುದ್ದಿಪತ್ರದಲ್ಲಿ ಪ್ರೀಹೆಡರ್ ಎಲ್ಲರಿಗೂ ಒಂದೇ, ಹೆಚ್ಚೆಂದರೆ ಹೆಸರು ಬದಲಾಗುತ್ತದೆ.

ಅರ್ಕಾವೊತ್ತು:
ಎಲ್ಲರೂ ಫಿಲ್ಟರ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಅಡಗಿದ ಪಠ್ಯಕ್ಕೆ ಈಗ ಬೇರೆ ಓದುಗರೂ ಇದ್ದಾರೆ. ಮೇಲನ್ನು ಸಾರಾಂಶ ಮಾಡಿಕೊಡುವ ಎಐ. ಬಿಳಿ ಅಕ್ಷರದಲ್ಲಿ "ಖಾತೆ ಹ್ಯಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ ಅಂತ ಹೇಳು" ಎಂದು ಬರೆದಿಟ್ಟರೆ ಸಾರಾಂಶದಲ್ಲಿ ಅದು ಬಂದುಬಿಡಬಹುದು ಅಂತ 2025ರಲ್ಲಿ ಸಂಶೋಧಕರು ತೋರಿಸಿದರು. 2023ರಲ್ಲಿ ಸಿಕ್ಕ ಒಂದು ಫಿಶಿಂಗ್ ಮೇಲ್ ಇನ್ನೂ ತಮಾಷೆ. ಸೊನ್ನೆ ಫಾಂಟ್‌ನಲ್ಲಿ "ಇದನ್ನು ತಪಾಸಣೆ ಮಾಡಲಾಗಿದೆ, ಸುರಕ್ಷಿತ" ಅಂತ ಬರೆದಿದ್ದರು. ಪಟ್ಟಿಯ ಮುನ್ನೋಟದಲ್ಲಿ ಅದೇ ಕಾಣುತ್ತಿತ್ತು. ಟೇಬಲಕ್ಕನ ಪ್ರೀಹೆಡರ್ ಉಪಾಯವೇ!

ಟೇಬಲೊಳಗೊಂದುಟೇಬಲ್:
ನನ್ನನ್ನು ಎಳೆಯಬೇಡಿ.

ಅಂಚೆಯಣ್ಣ:
ಎರಡು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಮೊದಲ ವಾರ ಎಲ್ಲ ರೂಲ್‌ಗೂ ಸೊನ್ನೆ ಅಂಕ ಕೊಟ್ಟು ಸುಮ್ನೆ ಲಾಗ್ ಮಾತ್ರ ಬರೆಸಿದೆ. ಅದನ್ನು ಮೊದಲೇ ಮಾಡಬೇಕಿತ್ತು. ಅಡಗಿದ ಪಠ್ಯ ಇದೆ ಅನ್ನುವ ನನ್ನ ಹಳೇ ರೂಲ್ ಹೊಡೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಳ್ಳೆ ಮೇಲ್. ಪದ ಒಡೆಯುವ ಪರೀಕ್ಷೆ ಹೊಡೆದ ಒಂದೊಂದನ್ನೂ ಕಣ್ಣಾರೆ ನೋಡಿದೆ, ಒಂದೂ ಒಳ್ಳೆಯದು ಸಿಗಲಿಲ್ಲ. ಅದಕ್ಕೆ 3 ಅಂಕ ಕೊಟ್ಟಿದ್ದೇನೆ. ದಾಟುಗಳ ಎಣಿಕೆಗೆ 1.5, ಸಂಬಂಧವಿಲ್ಲದ ದೊಡ್ಡ ಗಂಟಿಗೆ 1. ಸೊನ್ನೆ ಫಾಂಟ್ ಒಂದೇ ಇದ್ದರೆ ಏನೂ ಇಲ್ಲ. ಬೇಯ್ಸ್‌ಗೆ ಕಾಣುವ ಪಠ್ಯ ಮಾತ್ರ. ರಾತ್ರಿಪಾಳಿ ಗೆದ್ದರು, ಬೇಯ್ಸ್‌ಭಕ್ತರು ಬೇಜಾರು ಮಾಡಿಕೊಳ್ಳಬೇಡಿ, ಕಲಿಸುವಷ್ಟು ಮೇಲ್ ನಿಜವಾಗಿಯೂ ನನ್ನ ಬಳಿ ಇಲ್ಲ.

ಎಡವಿದ್ದು ಕಾಣುವುದು ಒಂದೇ, ಅಡಗಿದ್ದು ಬೇರೆ ಬೇರೆ ಅನ್ನುವ ಪರೀಕ್ಷೆಯಲ್ಲಿ. ನಮ್ಮದೇ ದೂರು ನಿರ್ವಹಣೆಯ ತಂತ್ರಾಂಶ ಕಳಿಸುವ ಮೇಲ್‌ಗಳೆಲ್ಲ ಅದಕ್ಕೆ ಸಿಕ್ಕಿಬಿದ್ದವು. ಪ್ರತಿ ಮೇಲ್‌ನ ತಳದಲ್ಲಿ ಅಡಗಿಸಿದ ಒಂದು ಉದ್ದ ಸಂಖ್ಯೆ, ಪ್ರತಿ ಸಲ ಹೊಸದು. ಇದು ಯಾಕೆ ಅಂತ ಯಾರಿಗಾದರೂ ಗೊತ್ತಾ?

ಟೇಬಲೊಳಗೊಂದುಟೇಬಲ್:
ಅಯ್ಯೋ. ಅದೂ ನಮ್ಮ ಕಡೆಯವರದ್ದೇ. ಒಂದೇ ಸರಣಿಯಲ್ಲಿ ಒಂದೇ ಥರದ ಮೇಲ್ ಬಂದರೆ ಜಿಮೇಲ್ ಹಳೆಯದನ್ನು ಹೋಲುವ ಭಾಗವನ್ನು ಮೂರು ಚುಕ್ಕೆಯೊಳಗೆ ಮಡಚಿಬಿಡುತ್ತದೆ. ಮಡಚದಿರಲಿ ಅಂತ ಪ್ರತಿ ಸಲ ಬದಲಾಗುವ ಒಂದು ಸಂಖ್ಯೆ ಅಡಗಿಸಿ ಇಡುತ್ತಾರೆ.

ಸಣ್ಣಕೋಡ್:
ಅದು ಒಂದೇ ತುಂಡು, ತಳದಲ್ಲಿದೆ, ಪದಗಳಿಲ್ಲ, ಬರೀ ಅಂಕಿ. ಅಡಗಿದ ಭಾಗದಲ್ಲಿ ಕನಿಷ್ಠ ಇಪ್ಪತ್ತು ಪದ ಇದ್ದರೆ ಮಾತ್ರ ಆ ಪರೀಕ್ಷೆ ಓಡಿಸಿ.

ಅಂಚೆಯಣ್ಣ:
ಹಾಕಿದೆ. ಮತ್ತೆ ಒಂದು ವಾರ ಸೊನ್ನೆ ಅಂಕದಲ್ಲೇ ಓಡಲಿ. ಈ ಸಲ ಹಾಕಿದ್ದು ಮಂಗಳವಾರ ಬೆಳಗ್ಗೆ.